ಹಿತ್ತಿಲ ಕೋಳಿಗೆ ಕಾವು ಕೂರಿಸುವ ಕ್ರಮ

ಹಿತ್ತಿಲಲ್ಲಿ ನಾಲ್ಕಾರು ಕೋಳಿ ಸಾಕಿರುವವರು ಮರಿ ಮಾಡಿಸಲು ಇನ್‌ಕ್ಯುಬೇಟರ್ ಕೊಳ್ಳುವ ಅಗತ್ಯವಿಲ್ಲ. ಕಾವಿಗೆ ಬಂದ ಒಂದು ನಾಟಿ ಹೇಂಟೆ ಸಾಕು. ಮೊಟ್ಟೆ ಇಡುವುದನ್ನು ನಿಲ್ಲಿಸಿ, ಗೂಡು ಬಿಟ್ಟೇಳದೆ, ಕೈ ಚಾಚಿದರೆ ಗರಿ ಕೆದರಿ ಕುಕ್ಕಲು ಬರುವ ಹೇಂಟೆ ಕಾವಿಗೆ ಬಂದಿದೆ ಎಂದು ತಿಳಿಯಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ, ಸ್ವರ್ಣಧಾರದಂತಹ ತಳಿಗಳು ಹೆಚ್ಚು ಮೊಟ್ಟೆ ಇಟ್ಟರೂ ಕಾವು ಕೂರುವುದು ಅಪರೂಪವಾದ್ದರಿಂದ, ಆ ಕೆಲಸಕ್ಕೆ ನಾಟಿ ಹೇಂಟೆಯನ್ನೇ ನೆಚ್ಚಬೇಕು.

ಫಲಿತಾಂಶ ಬಹುಮಟ್ಟಿಗೆ ತೀರ್ಮಾನವಾಗುವುದು ಮೊಟ್ಟೆಯ ಆಯ್ಕೆಯಲ್ಲಿಯೇ. ಎಂಟು-ಹತ್ತು ಹೇಂಟೆಗಳಿಗೆ ಒಂದು ಹುಂಜವಿರಲಿ. ಇಟ್ಟು ಒಂದು ವಾರದೊಳಗಿನ, ಬಿರುಕಿಲ್ಲದ, ಮಧ್ಯಮ ಗಾತ್ರದ ಮೊಟ್ಟೆಗಳನ್ನು ಆರಿಸಿ, ಕಾವಿಗಿಡುವವರೆಗೆ ಚೂಪು ತುದಿ ಕೆಳಗಾಗಿ ತಂಪಾದ ಜಾಗದಲ್ಲಿಡಬೇಕು. ಫ್ರಿಜ್ ಬೇಡ. ಕೊಳಕಾದ ಮೊಟ್ಟೆಯನ್ನು ತೊಳೆದು ಇಡುವವರಿದ್ದಾರೆ. ತೊಳೆದರೆ ಚಿಪ್ಪಿನ ಮೇಲಿನ ರಕ್ಷಣಾ ಪೊರೆ ಹೋಗಿ ರೋಗಾಣುಗಳು ಸುಲಭವಾಗಿ ಒಳಸೇರುವುದರಿಂದ, ಅಂಥದನ್ನು ಅಡುಗೆಗೆ ಬಳಸುವುದೇ ಲೇಸು.

ಮಂಕರಿಯೊಂದರಲ್ಲಿ ಮರಳು ಅಥವಾ ಬೂದಿ ಹಾಸಿ, ಅದರ ಮೇಲೆ ಒಣಹುಲ್ಲು ಹರಡಿ, ಹೆಗ್ಗಣ-ಬೆಕ್ಕುಗಳು ಸುಳಿಯದ ಮಬ್ಬುಗತ್ತಲಿನ ಮೂಲೆಯಲ್ಲಿಡಿ. ಹೇಂಟೆಯ ಗಾತ್ರ ನೋಡಿಕೊಂಡು ಹತ್ತು-ಹನ್ನೆರಡು ಮೊಟ್ಟೆ ಜೋಡಿಸಿ, ರಾತ್ರಿ ಹೊತ್ತು ಅದನ್ನು ಮೇಲೆ ಕೂರಿಸಿದರೆ ಗಲಾಟೆಯಿಲ್ಲದೆ ಒಗ್ಗಿಕೊಳ್ಳುತ್ತದೆ. ಪ್ರತಿ ಮೊಟ್ಟೆಗೂ ಪೆನ್ಸಿಲ್‌ನಿಂದ ಗುರುತು ಹಾಕಿರಬೇಕು. ಇಲ್ಲದಿದ್ದರೆ ಬೇರೆ ಹೇಂಟೆಗಳು ನಡುವೆ ಬಂದು ಇಟ್ಟುಹೋದ ಮೊಟ್ಟೆ ಯಾವುದೆಂದು ತಿಳಿಯದು. ಮೊಟ್ಟೆ ಹೊರಳಿಸುವ ಕೆಲಸವನ್ನು ಹೇಂಟೆ ಕೊಕ್ಕಿನಿಂದಲೇ ಮಾಡಿಕೊಳ್ಳುತ್ತದೆ. ದಿನಕ್ಕೊಮ್ಮೆ ಮೇವು-ನೀರಿಗೆಂದು ಅದು ಎದ್ದುಹೋಗುವ ಕಾಲು ಗಂಟೆಯಲ್ಲಿ ಗೂಡು ನೋಡಿಕೊಳ್ಳಬಹುದು.

ಏಳನೆಯ ರಾತ್ರಿ ಕತ್ತಲಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚ್ ಹಿಡಿಯಿರಿ. ಕಪ್ಪು ಚುಕ್ಕೆಯಿಂದ ಜೇಡರ ಕಾಲುಗಳಂತೆ ಕೆಂಪು ನರಗಳು ಹರಡಿದ್ದರೆ ಭ್ರೂಣ ಬೆಳೆಯುತ್ತಿದೆ. ಒಳಗೆಲ್ಲ ತಿಳಿಯಾಗಿದ್ದರೆ ಅದು ಗೊಡ್ಡು ಮೊಟ್ಟೆ, ತೆಗೆದುಬಿಡಿ. 18ನೆಯ ದಿನದ ನಂತರ ಮೊಟ್ಟೆಗಳನ್ನು ಮುಟ್ಟಬಾರದು. 21ನೆಯ ದಿನದ ಆಸುಪಾಸಿನಲ್ಲಿ ಮರಿ ಚಿಪ್ಪು ಒಡೆಯಲು ಹಲವು ಗಂಟೆಗಳೇ ಹಿಡಿಯುತ್ತವೆ. ಅವಸರಪಟ್ಟು ಚಿಪ್ಪು ಸುಲಿದರೆ ರಕ್ತನಾಳ ಹರಿದು ಮರಿ ಸಾಯಬಹುದು.

ಹುಟ್ಟಿದ ಮರಿಯ ಹೊಟ್ಟೆಯೊಳಗೆ ಉಳಿದ ಹಳದಿಯೇ ಮೊದಲ ದಿನದ ಆಹಾರವಾದ್ದರಿಂದ ಮೇವಿಗೆ ಆತುರ ಬೇಡ. ಆಮೇಲೆ ಸಣ್ಣ ನುಚ್ಚು ಅಥವಾ ಮರಿಗಳ ಸಿದ್ಧ ಆಹಾರ ಕೊಡಬಹುದು. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿದರೆ ಮರಿಗಳು ಮುಳುಗುವುದಿಲ್ಲ. ಕೋಳಿಗಳಲ್ಲಿ ಬೇಗ ಹರಡಿ ಸಾಯಿಸುವ ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆಯ ಹನಿಯನ್ನು ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಹಾಕಿಸಬೇಕು. ನಾಟಿ ಕೋಳಿಗೆ ರೋಗ ಬಾರದೆಂಬ ನಂಬಿಕೆಯಿಂದ ಹಟ್ಟಿಗೆ ಹಟ್ಟಿಯೇ ಬರಿದಾಗುವುದುಂಟು. ಹದ್ದು, ಕಾಗೆ, ಮುಂಗುಸಿಗಳ ಕಾಟ ಹೆಚ್ಚಿರುವ ಕಡೆ ಮೊದಲ ಕೆಲವು ವಾರ ತಾಯಿಯನ್ನೂ ಮರಿಗಳನ್ನೂ ಬಲೆ ಕಟ್ಟಿದ ಆವರಣದಲ್ಲೇ ಮೇಯಿಸಬೇಕು.

ಮರಿಗಳು ದೊಡ್ಡವಾದಂತೆ ತಾಯಿ ಅವುಗಳನ್ನು ಕುಕ್ಕಿ ದೂರ ಮಾಡಿ ಮತ್ತೆ ಮೊಟ್ಟೆಗೆ ಬರುತ್ತದೆ. ಅಷ್ಟರೊಳಗೆ ಹುಂಜಮರಿಗಳನ್ನು ಮಾರಿ, ಮುಂದಿನ ಸಂತಾನಕ್ಕೆ ಬೇರೆ ಊರಿನಿಂದ ಹುಂಜ ತಂದುಕೊಳ್ಳಿ. ಒಡಹುಟ್ಟುಗಳೇ ಕೂಡುತ್ತಾ ಹೋದರೆ ಮರಿಯಾಗುವ ಮೊಟ್ಟೆಗಳ ಸಂಖ್ಯೆಯೂ ಮರಿಗಳ ಕಸುವೂ ಇಳಿಯುತ್ತವೆ.