25 ವ್ಯಾಟಿನ ಎರಡು ಹೀಟರು, ಒಂದಿಷ್ಟು ಥರ್ಮೋಕೋಲ್: 45 ಲೀಟರ್ ಟ್ಯಾಂಕನ್ನು ಚಳಿಯಲ್ಲಿ ಕಾಯ್ದ ಬಗೆ

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಮೀನಿನ ಟ್ಯಾಂಕು. ಮರಳು, ಕಲ್ಲು ಕಳೆದರೆ ಹೆಚ್ಚುಕಡಿಮೆ 45 ಲೀಟರ್ ನೀರು. ಕೋಣೆ ಹಗಲಲ್ಲಿ 20 ಡಿಗ್ರಿ, ಬೆಳಗಿನ ಜಾವಕ್ಕೆ 15. ಇದಕ್ಕೆ 25 ವ್ಯಾಟಿನ ಎರಡು ಹೀಟರ್ ಸಾಕು ಎಂದಾಗ ಮೀನು ಸಾಕಿ ಪಳಗಿದವರೇ ಒಪ್ಪಲಿಲ್ಲ. ‘ಲೀಟರಿಗೆ ಎರಡು ವ್ಯಾಟ್ ಬೇಕೇ ಬೇಕು, 100 ವ್ಯಾಟಿನದು ಹಾಕಿ ಮರೆತುಬಿಡಿ’ ಎಂಬುದೇ ಎಲ್ಲರ ಸಲಹೆ. ಈಗ ಅದೇ ಟ್ಯಾಂಕಿನ ನೀರು ಹಗಲೂ ರಾತ್ರಿ 25.1ರಿಂದ 25.7ರ ನಡುವೆ ನಿಂತಿದೆ. ನಿಯಾನ್ ಟೆಟ್ರಾ ಎಂಬ ಪುಟ್ಟ ಬಣ್ಣದ ಮೀನುಗಳು ರೆಕ್ಕೆ ಮಡಚಿಕೊಂಡು ಮೂಲೆ ಸೇರುವುದು ನಿಂತಿದೆ. ಕರೆಂಟು ಮೊದಲಿನ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತಿದೆ. ಹಾಗಾಗಿ ಲೆಕ್ಕಸಮೇತ ಬರೆಯುತ್ತಿದ್ದೇನೆ.

ದೊಡ್ಡ ಹೀಟರಿನ ತೊಂದರೆ ಏನೆಂದರೆ, ಅದು ನೀರನ್ನು ಬೇಗ ಕಾಯಿಸುತ್ತದೆಯೇ ಹೊರತು ಒಂದೇ ಮಟ್ಟದಲ್ಲಿ ಹಿಡಿದಿಡುವುದಿಲ್ಲ. ಅದರೊಳಗೆ ಬಿಸಿಗೆ ಬಾಗಿ ಸ್ವಿಚ್ಚಿನಂತೆ ಕೆಲಸ ಮಾಡುವ ಬೈಮೆಟಲ್ ಪಟ್ಟಿಗೆ ಗೊತ್ತಾಗುವುದು ಗಾಜಿನ ಕೊಳವೆಗೆ ಅಂಟಿಕೊಂಡಂತಿರುವ ನೀರಿನ ಬಿಸಿ ಮಾತ್ರ. ಗಾಳಿಗುಳ್ಳೆಯಿಂದ ನೀರನ್ನು ಎಳೆಯುವ ಸ್ಪಾಂಜ್ ಫಿಲ್ಟರಿನ ಮಂದ ಹರಿವಿನಲ್ಲಿ ಅಲ್ಲಿ 26 ಆಗುತ್ತಲೇ ಹೀಟರ್ ಆಫ್ ಆಗುತ್ತದೆ, ಟ್ಯಾಂಕಿನ ಇನ್ನೊಂದು ತುದಿಯಲ್ಲಿ ಆಗಿನ್ನೂ 24. ಆ ಪಟ್ಟಿ ಮತ್ತೆ ಆನ್ ಆಗುವಷ್ಟರಲ್ಲಿ ದೂರದ ತುದಿ ಇನ್ನೊಂದು ಡಿಗ್ರಿ ಇಳಿದಿರುತ್ತದೆ. ಇದಕ್ಕಿಂತ ಕೆಟ್ಟದ್ದು ಕಾಂಟ್ಯಾಕ್ಟುಗಳು ಕಿಡಿ ಹಾರಿ ಹಾರಿ ಒಂದಕ್ಕೊಂದು ಬೆಸೆದುಕೊಳ್ಳುವುದು. ಆಗ ಹೀಟರ್ ಆಫ್ ಆಗುವುದೇ ಇಲ್ಲ. 45 ಲೀಟರಿಗೆ 100 ವ್ಯಾಟು ನಿಲ್ಲದೆ ಹರಿದರೆ ನೀರು ಮೀನಿಗೆ ಅಪಾಯವಾಗುವಷ್ಟು ಬಿಸಿಯಾಗಬಹುದು.

ಆದ್ದರಿಂದ ನಾನು ಹಿಡಿದ ದಾರಿ ಬೇರೆ: ಮೊದಲು ಬಿಸಿ ಸೋರುವುದನ್ನು ನಿಲ್ಲಿಸುವುದು, ಆಮೇಲೆ ಹೀಟರಿನ ಮಾತು.

45 ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 52 ವ್ಯಾಟ್-ಗಂಟೆ ಬೇಕು. ಕೋಣೆಗಿಂತ ನೀರು ಹತ್ತು ಡಿಗ್ರಿ ಬೆಚ್ಚಗಿದ್ದರೆ, ಬರಿಗಾಜಿನ, ಮುಚ್ಚಳವಿಲ್ಲದ ಟ್ಯಾಂಕು ಸುಮಾರು 70 ವ್ಯಾಟನ್ನು ಹೊರಗೆ ಚೆಲ್ಲುತ್ತಿರುತ್ತದೆ. ಅದರಲ್ಲಿ ಅರ್ಧದಷ್ಟು ಹೋಗುವುದು ಮೇಲ್ಗಡೆಯಿಂದಲೇ. ಇದನ್ನು ಬಹಳ ಜನ ನಂಬುವುದಿಲ್ಲ. ನಂಬದಿದ್ದರೆ ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ಒಂದು ದಿನ ಬಿಟ್ಟು ನೋಡಿ. ಈ ಅಳತೆಯ ಟ್ಯಾಂಕಿನಲ್ಲಿ ಮಟ್ಟ ಐದೂವರೆ ಮಿಲಿಮೀಟರ್ ಇಳಿದರೆ ಒಂದು ಲೀಟರ್ ಆವಿಯಾಗಿದೆ ಎಂದರ್ಥ. ಒಂದು ಲೀಟರ್ ಆವಿಯಾಗುವಾಗ ನೀರಿನಿಂದ ಎಳೆದುಕೊಂಡು ಹೋಗುವ ಶಾಖ ಸುಮಾರು 0.67 ಯೂನಿಟ್. ದಿನಕ್ಕೆ ಒಂದು ಲೀಟರ್ ಟಾಪ್‌ಅಪ್ ಮಾಡುತ್ತಿದ್ದೀರಿ ಎಂದರೆ 28 ವ್ಯಾಟಿನ ಒಂದು ಹೀಟರ್ ಇಡೀ ದಿನ ಬರೀ ಆವಿಗಾಗಿ ಉರಿಯುತ್ತಿದೆ. ಟಾಪ್‌ಅಪ್ ಮಗ್ಗು ಲೆಕ್ಕವಿಟ್ಟರೆ ಸಾಕು, ಬೇರೆ ಮೀಟರ್ ಬೇಡ.

ಹಾಗಾಗಿ ಹಣ ಹಾಕುವುದಿದ್ದರೆ ಮೊದಲು ಮುಚ್ಚಳಕ್ಕೆ ಹಾಕಿ. ಅಕ್ರಿಲಿಕ್ ಹಾಳೆ ನೋಡಲು ಚೆಂದ, ಆದರೆ ಒಳಮೈ ತೇವ, ಹೊರಮೈ ಒಣ. ವಾರಗಳಲ್ಲೇ ದೋಣಿಯಂತೆ ಬಾಗುತ್ತದೆ, ಮೂಲೆಗಳು ಎದ್ದು ಬಿಸಿಯೆಲ್ಲ ಅಲ್ಲಿಂದಲೇ ಹೋಗುತ್ತದೆ. ಗಾಜು ಬಾಗುವುದಿಲ್ಲ, ಆದರೆ ಒಂದೇ ಪದರ. ಕೊನೆಗೆ ನಿಂತಿದ್ದು 6 ಮಿಲಿಮೀಟರಿನ ಎರಡು ಪದರದ ಪಾಲಿಕಾರ್ಬನೇಟ್ ಹಾಳೆ, ಛಾವಣಿಗೆ ಹಾಕುತ್ತಾರಲ್ಲ, ಒಳಗೆ ಉದ್ದುದ್ದ ಕೊಳವೆಗಳಿರುವಂಥದ್ದು. ಬೆಳಕು ಬಿಡುತ್ತದೆ, ಗಾಳಿಯ ಪದರ ತನ್ನಲ್ಲೇ ಇರುತ್ತದೆ, ಬ್ಲೇಡಿನಲ್ಲಿ ಕತ್ತರಿಸಬಹುದು. ಎರಡೂ ತುದಿಯ ತೆರೆದ ಕೊಳವೆಗಳಿಗೆ ಸಿಲಿಕೋನ್ ತುಂಬಲೇಬೇಕು. ಇಲ್ಲದಿದ್ದರೆ ತೇವ ಒಳಹೊಕ್ಕು ಪಾಚಿ ಕಟ್ಟುತ್ತದೆ, ಆಮೇಲೆ ತೊಳೆಯಲು ಯಾವ ಬ್ರಷ್ಷೂ ಹೋಗುವುದಿಲ್ಲ. ಹಾಳೆಯನ್ನು ಹಿಂದಕ್ಕೆ ಮೂರ್ನಾಲ್ಕು ಮಿಲಿಮೀಟರ್ ಇಳಿಜಾರು ಕೊಟ್ಟು ಕೂರಿಸಿದರೆ ಹನಿಗಳು ಒಂದೆಡೆ ಸೇರಿ ಟ್ಯಾಂಕಿಗೇ ಬೀಳುತ್ತವೆ. ಏರ್ ಟ್ಯೂಬು, ವೈರು ಬರುವ ಮೂಲೆಯಲ್ಲಿ ಎರಡು ಸೆಂಟಿಮೀಟರ್ ಸಂದು ಬಿಡಿ. ಪೂರ್ತಿ ಬಿಗಿ ಮುಚ್ಚಬಾರದು, ಗಾಳಿಯಾಡಬೇಕು, ಪಂಪಿನ ಗಾಳಿ ಹೊರಹೋಗಲೂ ದಾರಿ ಬೇಕು.

ಹಿಂಬದಿಗೆ ಮತ್ತು ಎರಡು ಪಕ್ಕಗಳಿಗೆ 20 ಮಿಲಿಮೀಟರಿನ ಥರ್ಮೋಕೋಲ್. ಬರಿಗಾಜಿನಿಂದ ಹೋಗುವ ಬಿಸಿಯಲ್ಲಿ ನಾಲ್ಕರಲ್ಲಿ ಮೂರು ಪಾಲನ್ನು ಇದು ತಡೆಯುತ್ತದೆ. 10 ಮಿಲಿಮೀಟರಿನದು ಹಾಕಿದರೂ ಪ್ರಯೋಜನವಿದೆ, 40 ಹಾಕಿದರೆ ಹೆಚ್ಚುವರಿ ಲಾಭ ತೀರಾ ಅಲ್ಪ, ಜಾಗ ದಂಡ. ರಬ್ಬರ್ ಅಂಟು ತಗಲಿಸಬೇಡಿ, ಅದರ ದ್ರಾವಕ ಥರ್ಮೋಕೋಲನ್ನು ಕರಗಿಸಿ ಗುಳಿ ಬೀಳಿಸುತ್ತದೆ. ಡಬಲ್ ಟೇಪು ಸಾಕು. ಅಂಚಿನ ಸುತ್ತ ಅಗಲವಾದ ಪ್ಯಾಕಿಂಗ್ ಟೇಪ್ ಎಳೆದು ಸಂದು ಮುಚ್ಚಿ. ಸಂದಿದ್ದರೆ ಗಾಜಿಗೂ ಥರ್ಮೋಕೋಲಿಗೂ ನಡುವೆ ತಣ್ಣನೆ ಗಾಳಿ ಓಡಾಡುತ್ತದೆ, ಅಂಟಿಸಿದ್ದೂ ವ್ಯರ್ಥ. ಗಾಜಿನ ಕಡೆಗೆ ಕಪ್ಪು ಚಾರ್ಟ್ ಹಾಳೆ ಇಟ್ಟರೆ ಹಿನ್ನೆಲೆಯೂ ಆಯಿತು, ನಿಯಾನ್‌ಗಳ ಬಣ್ಣವೂ ಎದ್ದು ಕಾಣುತ್ತದೆ. ಪ್ಯಾಕಿಂಗ್ ಡಬ್ಬದಂತೆ ಕಾಣುತ್ತದೆ ಎಂದು ಆಕ್ಷೇಪಿಸಿದವರಿಗೆ ಮುಂದೆ ನಿಂತಾಗ ಥರ್ಮೋಕೋಲ್ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ.

ತಳಕ್ಕೆ ಹಾಕುವುದಾದರೆ ಟ್ಯಾಂಕು ಖಾಲಿಯಿರುವಾಗ ಮಾತ್ರ. ನೀರು ತುಂಬಿದ್ದನ್ನು ಎತ್ತಿದರೆ ಸಿಲಿಕೋನ್ ಜೋಡಣೆ ಬಿಡುತ್ತದೆ. ಸುತ್ತ ಫ್ರೇಮ್ ಇರುವ ಟ್ಯಾಂಕಿನ ತಳಕ್ಕೆ ಹಾಕಲೇಬೇಡಿ, ಥರ್ಮೋಕೋಲ್ ತಳದ ಗಾಜನ್ನು ನಡುವಿನಿಂದ ಮೇಲಕ್ಕೆ ಒತ್ತುತ್ತದೆ. ಮರದ ಸ್ಟ್ಯಾಂಡಿನ ಮೇಲಿದ್ದರೆ ತಳದ ಸೋರಿಕೆ ಹೇಗೂ ಕಡಿಮೆ. ಮುಂದಿನ ಗಾಜಿಗೆ ರಾತ್ರಿ ಮಾತ್ರ ಬಬಲ್ ರ‍್ಯಾಪಿನ ಎರಡು ಪದರದ ಪರದೆ ಇಳಿಬಿಡುತ್ತೇನೆ. ಅದು ಅಲುಗಾಡದೆ ಗಾಜಿಗೆ ಕಚ್ಚಿ ನಿಲ್ಲುವಂತೆ ಮಾಡಿಕೊಂಡ ಉಪಾಯ ಒಂದಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇಷ್ಟಾದ ಮೇಲೆ 70 ವ್ಯಾಟಿನ ಸೋರಿಕೆ 26ರ ಹತ್ತಿರ ಬಂದು ನಿಲ್ಲುತ್ತದೆ. 25 ವ್ಯಾಟಿನ ಎರಡು ಹೀಟರ್ ಎಂಬ ಲೆಕ್ಕ ಹುಟ್ಟಿದ್ದು ಇಲ್ಲಿಂದ. ಎರಡೂ ಕೆಲಸ ಮಾಡಿದರೆ ಅರ್ಧ ಹೊತ್ತು ಉರಿದು ಅರ್ಧ ಹೊತ್ತು ಸುಮ್ಮನಿರುತ್ತವೆ. ಒಂದು ಸತ್ತರೆ 15 ಡಿಗ್ರಿಯ ಕೋಣೆಯಲ್ಲೂ ಇನ್ನೊಂದೇ ನೀರನ್ನು 24ರ ಮೇಲೆ ಹಿಡಿಯುತ್ತದೆ. ಒಂದರ ಕಾಂಟ್ಯಾಕ್ಟ್ ಬೆಸೆದುಕೊಂಡು ನಿಲ್ಲದೆ ಉರಿದರೂ 20 ಡಿಗ್ರಿಯ ಕೋಣೆಯಲ್ಲಿ ನೀರು 30ರ ಆಸುಪಾಸಿಗೆ ಹೋಗಿ ನಿಲ್ಲುತ್ತದೆ, ಮೀನು ಬದುಕುತ್ತದೆ. ಒಂದು ಎಚ್ಚರಿಕೆ: ಥರ್ಮೋಕೋಲ್ ಸುತ್ತಿದ ಟ್ಯಾಂಕಿನಲ್ಲಿ ಹಳೆಯ 100 ವ್ಯಾಟಿನ ಹೀಟರನ್ನೇ ಬಿಟ್ಟರೆ ಅಪಾಯ ಮೊದಲಿಗಿಂತ ಹೆಚ್ಚು, ಬಿಸಿಗೆ ಹೊರಹೋಗುವ ದಾರಿಯೇ ಇಲ್ಲವಲ್ಲ.

ಎರಡೂ ಹೀಟರುಗಳನ್ನು ಮರಳಿಗಿಂತ ಎರಡು ಬೆರಳು ಮೇಲೆ ಅಡ್ಡಡ್ಡ ಮಲಗಿಸಿ, ಒಂದನ್ನು ಸ್ಪಾಂಜ್ ಫಿಲ್ಟರಿನ ಪಕ್ಕದಲ್ಲಿ, ಇನ್ನೊಂದನ್ನು ಹಿಂದಿನ ಗಾಜಿನ ನಡುವೆ. ಪೂರ್ತಿ ಮುಳುಗಿಸಬಹುದಾದ ಹೀಟರ್ ಆದರೆ ಮಾತ್ರ ಹೀಗೆ. ನಿಲ್ಲಿಸಿಟ್ಟರೆ ಕೊಳವೆಯ ಮೇಲ್ತುದಿಯ ಥರ್ಮೋಸ್ಟಾಟಿಗೆ ತನ್ನದೇ ಬಿಸಿ ಬಡಿದು ಬೇಗ ಆಫ್ ಆಗುತ್ತದೆ.

ಆನ್ ಆಫ್ ಮಾಡುವ ಕೆಲಸ ಹೊರಗಿನ ಕಂಟ್ರೋಲರಿನದು. ಎಸ್‌ಟಿಸಿ-1000 ಬಳಸಿದ್ದೇನೆ. ಟರ್ಮಿನಲ್ 1, 2 ಕರೆಂಟಿಗೆ, 3, 4 ಪ್ರೋಬಿಗೆ (ನೀರಿನ ಬಿಸಿ ಅಳೆಯುವ ಕಡ್ಡಿ), 5, 6 ಹೀಟಿಂಗ್‌ಗೆ, 7, 8 ಕೂಲಿಂಗ್‌ಗೆ. ಹೊಸಬರು ಎಡವುವುದು 5, 6ರಲ್ಲಿ. ಅಲ್ಲಿ ತಾನಾಗಿ ಕರೆಂಟು ಬರುವುದಿಲ್ಲ, ಅದು ಬರೀ ಸ್ವಿಚ್ಚು. ಫೇಸನ್ನು ಒಂದು ತುಂಡು ವೈರಿನಿಂದ 5ಕ್ಕೆ ಕೊಟ್ಟು, 6ರಿಂದ ಹೀಟರಿನ ಸಾಕೆಟ್ಟಿಗೆ ಒಯ್ಯಬೇಕು. ನ್ಯೂಟ್ರಲ್ ಮತ್ತು ಅರ್ಥ್ ನೇರ ಸಾಕೆಟ್ಟಿಗೆ. 12 ವೋಲ್ಟಿನ ಮಾದರಿಯೂ ಇದೇ ರೂಪದಲ್ಲಿ ಬರುತ್ತದೆ, ಹಿಂದಿನ ಚೀಟಿ ಓದಿ ಜೋಡಿಸಿ. ಡಬ್ಬವನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಗೋಡೆಗೆ ಹಾಕಿ. ಟ್ಯಾಂಕಿನಿಂದ ಬರುವ ಪ್ರತಿ ವೈರೂ ಸಾಕೆಟ್ಟಿಗೆ ಹೋಗುವ ಮುನ್ನ ಒಮ್ಮೆ ಕೆಳಗಿಳಿದು ಮೇಲೇರಲಿ. ವೈರಿಗುಂಟ ಬಂದ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕಂಟ್ರೋಲರಿನಲ್ಲಿ ಎಫ್1 (ಬೇಕಾದ ಬಿಸಿ) 25.5, ಎಫ್2 (ಆನ್-ಆಫ್ ಅಂತರ) 0.3. ಅಂದರೆ 25.2ಕ್ಕೆ ಹೀಟರ್ ಆನ್, 25.5ಕ್ಕೆ ಆಫ್; ಹೀಟರಿನ ಸುತ್ತಲಿನ ಬಿಸಿ ನೀರು ಬೆರೆತು ಇನ್ನೂ 0.2 ಡಿಗ್ರಿ ಏರಿಸುತ್ತದೆ. ಪ್ರೋಬು ಹೀಟರಿನಿಂದ ದೂರದ ತುದಿಯಲ್ಲಿ, ನೀರಿನ ನಡುಮಟ್ಟದಲ್ಲಿ, ಗಾಜಿಗೆ ತಾಗದಂತೆ ಇರಬೇಕು. ಹೀಟರಿಗೆ ಹತ್ತಿರವಿಟ್ಟರೆ ಕಂಟ್ರೋಲರಿನ ಒಳಗಿನ ಸ್ವಿಚ್ಚು (ರಿಲೇ) ಟಕಟಕ ಎನ್ನುತ್ತಲೇ ಇರುತ್ತದೆ, ಬೇಗ ಸವೆಯುತ್ತದೆ. ಹೀಟರುಗಳ ಸ್ವಂತ ಗುಂಡಿಯನ್ನು 28ಕ್ಕೆ ತಿರುಗಿಸಿಡಿ. ಪ್ರೋಬು ಜಾರಿ ನೀರಿನಿಂದ ಹೊರಬಂದರೆ ಕಂಟ್ರೋಲರು ಕೋಣೆಯ ಗಾಳಿಯನ್ನು ಅಳೆದು ‘ಇನ್ನೂ 17’ ಎಂದು ಉರಿಸುತ್ತಲೇ ಇರುತ್ತದೆ. ಆಗ ಕಾಯುವುದು ಈ 28ರ ಗುಂಡಿಯೇ. ಪ್ರೋಬನ್ನು ಬರೀ ಸಕ್ಷನ್ ಕಪ್ ನಂಬಿ ಬಿಡಬೇಡಿ, ವೈರನ್ನು ಮುಚ್ಚಳದ ಅಂಚಿಗೂ ಕಟ್ಟಿ.

ಪ್ರೋಬು ಸರಿಯಾಗಿ ಓದುತ್ತಿದೆಯೇ? ಹೊಸದು ಒಂದು ಡಿಗ್ರಿ ಆಚೀಚೆ ಇರುವುದು ಸಾಮಾನ್ಯ. ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿಯನ್ನು ನಂಬಿ ಹೊಂದಿಸಬೇಡಿ, ಚಳಿಯಲ್ಲಿ ಅದು ಅರ್ಧ ನೀರು, ಅರ್ಧ ಕೋಣೆಯನ್ನು ತೋರಿಸುತ್ತದೆ. ಮನೆಯಲ್ಲಿರುವ ಜ್ವರದ ಡಿಜಿಟಲ್ ಥರ್ಮಾಮೀಟರೇ ಒಳ್ಳೆಯ ಅಳತೆಗೋಲು. ಒಂದು ಚೊಂಬಿನಲ್ಲಿ 37-38 ಡಿಗ್ರಿಯ ನೀರು ಮಾಡಿ ಎರಡನ್ನೂ ಅದ್ದಿ, ಕಲಕುತ್ತಾ ನೋಡಿ, ವ್ಯತ್ಯಾಸವನ್ನು ಕಂಟ್ರೋಲರಿನ ಎಫ್4ರಲ್ಲಿ (ಅಳತೆಯ ತಿದ್ದುಪಡಿ) ತುಂಬಿ. ಪುಡಿ ಐಸಿನ ನೀರಿನಲ್ಲಿ ಸೊನ್ನೆ ತೋರಿಸಿತೆಂದರೆ ಇನ್ನೂ ಖಚಿತ.

ನಡುವೆ ಬೇರೆ ಕೆಲವನ್ನೂ ಪ್ರಯೋಗಿಸಿದ್ದುಂಟು. ಮುಚ್ಚಳದ ಮೇಲೆ 40 ವ್ಯಾಟಿನ ಹಳೆಯ ಬಲ್ಬು: ಮೇಲ್ಪದರ ಬಿಸಿಯಾಗಿ ಆವಿ ಹೆಚ್ಚಿತು, ತಳ ತಣ್ಣಗೇ ಉಳಿಯಿತು, ರಾತ್ರಿ ಆರಿಸಲೇಬೇಕು. ಟ್ಯಾಂಕಿನ ಕೆಳಗೆ ಹೀಟಿಂಗ್ ಮ್ಯಾಟ್: ಮರಳಿನ ಕೆಳಗೆ ಬಿಸಿ ಕೂಡಿಕೊಂಡು ಗಾಜಿನ ಒಂದೇ ಭಾಗ ಕಾಯುತ್ತದೆ, ಬಿರುಕಿನ ಭಯಕ್ಕೆ ತೆಗೆದೆ. ಥರ್ಮೋಸ್ಟಾಟ್ ಇಲ್ಲದ ಯುಎಸ್‌ಬಿ ಹೀಟರ್: ಉಪಯೋಗವಿಲ್ಲ. ಏರ್ ಪಂಪನ್ನು ತಣ್ಣನೆಯ ಕಿಟಕಿಯ ಬಳಿಯಿಂದ ಒಳಗೋಡೆಗೆ ಸರಿಸಿ, ಗುಳ್ಳೆಗಳನ್ನು ಸ್ವಲ್ಪ ತಗ್ಗಿಸಿದ್ದು ಮಾತ್ರ ಫಲ ಕೊಟ್ಟಿತು. ಟಾಪ್‌ಅಪ್ ಕಣ್ಣಿಗೆ ಕಾಣುವಷ್ಟು ಇಳಿಯಿತು.

ಇಷ್ಟೆಲ್ಲ ಮಾಡಿ ನೀರು ಬದಲಾಯಿಸುವಾಗ ಕೆಡಿಸಿಕೊಳ್ಳುವವರೇ ಹೆಚ್ಚು. 15 ಡಿಗ್ರಿಯ ಹತ್ತು ಲೀಟರ್ ಸುರಿದರೆ ಟ್ಯಾಂಕು ಒಮ್ಮೆಗೇ ಎರಡು ಡಿಗ್ರಿಗಿಂತ ಹೆಚ್ಚು ಕುಸಿಯುತ್ತದೆ. ಬಿಳಿಚುಕ್ಕೆ ರೋಗ ತಲೆಯೆತ್ತುವುದು ಇಂಥ ಏಟಿನ ಬೆನ್ನಿಗೇ. ಎಂಟೂಮುಕ್ಕಾಲು ಲೀಟರ್ ತಣ್ಣೀರಿಗೆ ಒಂದೂಕಾಲು ಲೀಟರ್ ಕುದಿದ ನೀರು ಬೆರೆಸಿದರೆ ಬಕೆಟ್ 25ಕ್ಕೆ ಬರುತ್ತದೆ. ಗೀಸರ್ ನೀರು ಬೇಡ, ತಾಮ್ರದ ಕಾಯಿಲ್ ಇದ್ದರೆ ಸೀಗಡಿಗಳಿಗೆ ವಿಷ. ನೀರು ತೆಗೆಯುವ ಹದಿನೈದು ನಿಮಿಷ ಮುಂಚೆಯೇ ಹೀಟರಿನ ಪ್ಲಗ್ ಕೀಳಿ. ಬಿಸಿ ಕೊಳವೆ ಗಾಳಿಗೆ ತೆರೆದುಕೊಂಡು, ಆಮೇಲೆ ತಣ್ಣೀರು ತಾಗಿದರೆ ಫಟ್ಟೆಂದು ಸೀಳುತ್ತದೆ.

ಕರೆಂಟು ಹೋದಾಗ ಥರ್ಮೋಕೋಲಿನ ಬೆಲೆ ತಿಳಿಯುತ್ತದೆ. ಬರಿಗಾಜಿನ ಟ್ಯಾಂಕು ಗಂಟೆಗೆ ಒಂದೂಕಾಲು ಡಿಗ್ರಿಗೂ ಮೀರಿ ಇಳಿಯುವ ಚಳಿಯಲ್ಲಿ ಇದು ಅರ್ಧ ಡಿಗ್ರಿ ಇಳಿಯುತ್ತದೆ. ನಾಲ್ಕು ಗಂಟೆ ಏನೂ ಮಾಡಬೇಕಿಲ್ಲ. ಅದಕ್ಕೂ ಮೀರಿದರೆ 60 ಡಿಗ್ರಿಯ ನೀರು ತುಂಬಿದ ಒಂದು ಲೀಟರ್ ಬಾಟಲಿ ತೇಲಿಬಿಡಿ, ಮುಕ್ಕಾಲು ಡಿಗ್ರಿ ಏರುತ್ತದೆ. ಅದಕ್ಕಿಂತ ಬಿಸಿ ಹಾಕಿದರೆ ಬಾಟಲಿ ಮುದುಡುತ್ತದೆ.

ಖರ್ಚಿನ ಮಾತು. ಮೊದಲು ಕೊರೆಯುವ ತಿಂಗಳಲ್ಲಿ ಹೀಟರಿಗೇ 50 ಯೂನಿಟ್ ಹತ್ತಿರ, ಈಗ 20ರ ಒಳಗೆ. ಥರ್ಮೋಕೋಲ್, ಟೇಪು, ಬಬಲ್ ರ‍್ಯಾಪ್ ಎಲ್ಲ ಸೇರಿದರೂ ಒಂದು ಒಳ್ಳೆಯ ಹೀಟರಿನ ಬೆಲೆಯಾಗುವುದಿಲ್ಲ. ದುಬಾರಿ ಎನಿಸಿದ್ದು ಕಂಟ್ರೋಲರ್ ಒಂದೇ, ಅದೂ ಉಳಿದ ಕರೆಂಟಿನಲ್ಲಿ ಎರಡನೆಯ ಚಳಿಗಾಲದೊಳಗೆ ತೀರಿತು.

ಬೆಟ್ಟಾ ಮೀನು ಸಾಕಲು 10 ಲೀಟರಿನ ಟ್ಯಾಂಕು ಇಟ್ಟವರಿಗೆ ಇದೇ ಕ್ರಮ ಸಾಗುತ್ತದೆ, ಆದರೆ 25 ವ್ಯಾಟಿನ ಒಂದೇ ಹೀಟರು ಅಲ್ಲಿ ಗಂಟೆಗೆ ಎರಡು ಡಿಗ್ರಿ ಏರಿಸಬಲ್ಲದು. ಹಾಗಾಗಿ ಎರಡನೆಯದು ಬೇಡ, ಕಂಟ್ರೋಲರ್ ಮಾತ್ರ ಬೇಕೇ ಬೇಕು. ಸಣ್ಣ ಸ್ಪಾಂಜ್ ಫಿಲ್ಟರಿನ ಗುಳ್ಳೆಗಳು ಹೀಟರಿನ ಮೈಗೆ ಸವರಿಕೊಂಡು ಏಳುವಂತೆ ಕೂರಿಸಿ. ದೊಡ್ಡ ಟ್ಯಾಂಕು ಪಕ್ಕದಲ್ಲೇ ಇದ್ದರೆ ಸಣ್ಣದನ್ನು ಅದಕ್ಕೆ ಗಾಜಿಗೆ ಗಾಜು ತಾಗುವಂತೆ ಇಟ್ಟು, ಎರಡಕ್ಕೂ ಸೇರಿಸಿ ಹೊರಗಿನಿಂದ ಥರ್ಮೋಕೋಲ್ ಸುತ್ತಿ. ಒಂದು ಪಕ್ಕದ ಸೋರಿಕೆ ಎರಡಕ್ಕೂ ತಪ್ಪುತ್ತದೆ.