ಗೇಟ್ ಬಿದ್ದಾಗ ಮಾತ್ರ ಬಿಸಿಯಾಗುತ್ತಿದ್ದ ಎಸಿ

ದಾವಣಗೆರೆಯಲ್ಲಿ ಕಾರು ಓಡಿಸುವವರಿಗೆ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನ ಬಗ್ಗೆ ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಮುಂದೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರ್, ಹಿಂದೆ ಸಿಟಿ ಬಸ್, ಹೊರಗೆ 39 ಡಿಗ್ರಿ. ಹಿಂದಿನ ಸೀಟಿನಲ್ಲಿದ್ದ ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಏನಪಾ, ಎಸಿ ಹಾಕೀಯೋ, ಹೀಟರ್ ಹಾಕೀಯೋ?" ಅಂದಳು.

ಗೇಟ್ ಎದ್ದಿತು. ಕಾರು ಓಡತೊಡಗಿ ಎರಡು ನಿಮಿಷಕ್ಕೆ ಗಾಳಿ ಮತ್ತೆ ತಣ್ಣಗಾಯಿತು. ಹರಿಹರದ ಕಡೆ ಹೈವೇಗೆ ಬಂದ ಮೇಲಂತೂ ಫ್ರಿಜ್ ಬಾಗಿಲು ತೆಗೆದ ಹಾಗೆ.

ಹಿಂದಿನ ತಿಂಗಳಷ್ಟೇ ಒಂದು ಗ್ಯಾರೇಜಿನಲ್ಲಿ ಎಸಿಗೆ ಗ್ಯಾಸ್ ಹಾಕಿಸಿದ್ದೆ. ಅದೂ ಎರಡು ಸಲ. ಎರಡೂ ಸಲ ಸಂಜೆ ಹೊತ್ತಿಗೆ ಹೋಗಿದ್ದೆ. ಹುಡುಗ ಗ್ಯಾಸ್ ಹಾಕಿ, ಗಾಳಿಗೆ ಕೈ ಒಡ್ಡಿ ನೋಡಿ, "ಸೂಪರ್ ಆಗೈತಿ ಸಾರ್" ಅಂದಿದ್ದ. ಸಂಜೆ ತಂಪಲ್ಲಿ ಸೂಪರ್ ಆಗದೇ ಏನು? ಮರುದಿನ ಮಧ್ಯಾಹ್ನ ಮತ್ತೆ ಅದೇ ಕಥೆ.

ಗೇಟಿನಲ್ಲಿ ಕೂತಿದ್ದಾಗಲೇ ನನಗೆ ಒಂದು ಅನುಮಾನ ಬಂತು. ಗ್ಯಾಸ್ ಕಡಿಮೆ ಇದ್ದರೆ ಓಡುವಾಗಲೂ ತಂಪು ಸಾಲಬಾರದಲ್ವಾ? ನಿಂತಾಗ ಕೆಡುವುದು, ಓಡುವಾಗ ಸರಿ ಹೋಗುವುದು ಅಂದರೆ ಏನು? ಓಡುವಾಗ ಸಿಗುವ ಒಂದು ವಸ್ತು ನಿಂತಾಗ ಸಿಗುತ್ತಿಲ್ಲ. ಅದು ಗಾಳಿ. ನಿಂತಾಗ ಆ ಗಾಳಿಯನ್ನು ಎಳೆದು ಕೊಡಬೇಕಾದ್ದು ಫ್ಯಾನ್.

ನಾನು ಮೆಕ್ಯಾನಿಕ್ ಅಲ್ಲ. ಆದರೆ ನನ್ನ ಹಳೇ ಪೆಟ್ರೋಲ್ ಹ್ಯಾಚ್‌ಬ್ಯಾಕಿನ ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದಿ ಫೋನಿನಲ್ಲಿ ತೋರಿಸುವ ಒಂದು ಅಗ್ಗದ ಒಬಿಡಿ ಸ್ಕ್ಯಾನರ್ ಇದೆ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಬಾನೆಟ್ ಎತ್ತಿದೆ.

ಕಾರಿನ ಮೂತಿಯಿಂದ ಒಳಗೆ ನೋಡುತ್ತಾ ಹೋದರೆ ಮೊದಲು ಸಿಗುವುದು ಗ್ರಿಲ್. ಅದರ ಹಿಂದೆ ಎಸಿಯ ಕಂಡೆನ್ಸರ್. ಅದಕ್ಕೆ ಅಂಟಿಕೊಂಡ ಹಾಗೆ, ಎಂಜಿನ್ನಿನ ಬಿಸಿ ಕಳೆಯುವ ರೇಡಿಯೇಟರ್. ಅದರ ಹಿಂದೆ, ಎಂಜಿನ್ ಕಡೆಗೆ, ಫ್ಯಾನ್. ಫ್ಯಾನ್ ಎಂಜಿನ್ನಿಗೆ ಗಾಳಿ ಬೀಸುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ನಿಜವಾಗಿ ಅದು ಮುಂದಿನಿಂದ ಗಾಳಿಯನ್ನು ಹೀರುತ್ತದೆ. ಆ ಗಾಳಿ ಮೊದಲು ಕಂಡೆನ್ಸರ್, ಆಮೇಲೆ ರೇಡಿಯೇಟರ್ ದಾಟಿ ಬರುತ್ತದೆ.

ಎಸಿ ಮಾಡುವ ಕೆಲಸ ಇಷ್ಟೇ. ಕಾರಿನ ಒಳಗಿನ ಬಿಸಿಯನ್ನು ಹೊತ್ತು ತಂದು ಕಂಡೆನ್ಸರಿನಲ್ಲಿ ಹೊರಗೆ ಚೆಲ್ಲುತ್ತದೆ. ಕಂಪ್ರೆಸರ್ ಒತ್ತಿ ಕಳಿಸಿದ ಬಿಸಿ ಗ್ಯಾಸ್ ಅಲ್ಲಿ ಆರಿ ದ್ರವ ಆಗಬೇಕು. ಗಾಳಿಯೇ ಇಲ್ಲದಿದ್ದರೆ ಅದು ಆರುವುದು ಹೇಗೆ? ಗ್ಯಾಸ್ ಗ್ಯಾಸಾಗಿಯೇ ಉಳಿದು ಪೈಪಿನಲ್ಲಿ ಒತ್ತಡ ಏರುತ್ತದೆ. ತೀರಾ ಏರಿದರೆ ಪ್ರೆಷರ್ ಸ್ವಿಚ್ ಕಂಪ್ರೆಸರನ್ನೇ ನಿಲ್ಲಿಸಿಬಿಡುತ್ತದೆ. ಅದಕ್ಕೇ ಎಸಿ ಹಾಕಿದ ಕೂಡಲೇ, ಎಂಜಿನ್ ಐಸಿನಷ್ಟು ತಣ್ಣಗಿದ್ದರೂ, ನನ್ನ ಕಾರಿನಂಥ ಕಾರುಗಳಲ್ಲಿ ಫ್ಯಾನ್ ತಿರುಗಲೇಬೇಕು. ಎಂಜಿನ್ನಿಗೋಸ್ಕರ ಅಲ್ಲ, ಕಂಡೆನ್ಸರಿಗೋಸ್ಕರ.

ನನ್ನ ಕಾರಿನಲ್ಲಿ ಇರುವುದು ಒಂದೇ ಫ್ಯಾನ್, ಎರಡು ವೇಗ. ಎಸಿ ಹಾಕಿದರೆ ನಿಧಾನ. ಎಂಜಿನ್ ಕಾದರೆ ಜೋರು.

ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿದೆ. ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ "ಟಕ್" ಅಂದಿತು, ಎಂಜಿನ್ ಸದ್ದು ಒಂದು ಕ್ಷಣ ಕುಗ್ಗಿ ಮತ್ತೆ ಸರಿಯಾಯಿತು. ಫ್ಯಾನ್ ಮಾತ್ರ ಮಿಸುಕಲಿಲ್ಲ. ಐದು ನಿಮಿಷ ಕಾದೆ. ರೆಕ್ಕೆ ಮೇಲಿನ ಧೂಳು ಕೂಡ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಕ್ಲಚ್ ತಾನಾಗಿಯೇ ಬಿಟ್ಟುಕೊಂಡಿತು. ಒಳಗೆ ಗಾಳಿ ಬಿಸಿ.

ಸರಿ, ಫ್ಯಾನ್ ಮೋಟಾರ್ ಸತ್ತಿದೆ ಅಂತ ತೀರ್ಮಾನ ಮಾಡಿ ಹೊಸದು ತರಲು ಹೊರಡಬಹುದಿತ್ತು. ಎಷ್ಟೋ ಜನ ಇಲ್ಲೇ ದುಡ್ಡು ಕಳೆದುಕೊಳ್ಳುತ್ತಾರೆ. ನಾನು ಎಸಿ ಆಫ್ ಮಾಡಿ, ಎಂಜಿನ್ ಓಡಲು ಬಿಟ್ಟು, ಫೋನಿನಲ್ಲಿ ಕೂಲೆಂಟ್ ಟೆಂಪರೇಚರ್ ನೋಡುತ್ತಾ ಕೂತೆ. 84 ಡಿಗ್ರಿ ಹತ್ತಿರ, ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆಯಿತು, ಅದುವರೆಗೆ ಉಗುರುಬೆಚ್ಚಗಿದ್ದ ರೇಡಿಯೇಟರಿನ ಮೇಲಿನ ಹೋಸ್ ಬಿಸಿಯಾಯಿತು. 90, 93, 96. ನನ್ನ ಎದೆ ಸ್ವಲ್ಪ ಹೊಡೆದುಕೊಳ್ಳುತ್ತಿತ್ತು. 98ಕ್ಕೆ ಫ್ಯಾನ್ "ಗುಯ್ಯ್" ಅಂತ ಎದ್ದಿತು, ಪೂರ್ತಿ ಜೋರಿನಲ್ಲಿ. ಒಂದೇ ನಿಮಿಷಕ್ಕೆ 92ಕ್ಕೆ ಇಳಿಸಿ ನಿಂತಿತು.

ಈ ಒಂದು "ಗುಯ್ಯ್" ನನಗೆ ಅರ್ಧ ಕೆಲಸ ಮುಗಿಸಿಕೊಟ್ಟಿತು. ಮೋಟಾರ್ ಸರಿ ಇದೆ. ಎಂಜಿನ್ನಿನ ಟೆಂಪರೇಚರ್ ಸೆನ್ಸರ್ ಸರಿ ಇದೆ. ಜೋರು ವೇಗದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕುವ, ತೆಗೆಯುವ ಸ್ವಿಚ್), ಫ್ಯೂಸ್ ಸರಿ ಇವೆ. ಹೋಗಿರುವುದು ನಿಧಾನದ ವೇಗದ ದಾರಿ ಮಾತ್ರ. ಎಂಜಿನ್ ಒಂದು ಸಲವೂ ಓವರ್‌ಹೀಟ್ ಆಗದೇ ಇದ್ದದ್ದಕ್ಕೂ ಇದೇ ಕಾರಣ. ಮೀಟರಿನ ಮುಳ್ಳು ಯಾವಾಗಲೂ ನಡುವೆಯೇ ಇರುತ್ತಿತ್ತು, ಅದಕ್ಕೇ ಫ್ಯಾನಿನ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಅಂದಹಾಗೆ ಆ ಮುಳ್ಳನ್ನು ಜಾಸ್ತಿ ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಅದನ್ನು ಬೇಕಂತಲೇ ನಡುವೆ ನಿಲ್ಲುವ ಹಾಗೆ ಮಾಡಿರುತ್ತಾರೆ. ಎಂಜಿನ್ 85ರಲ್ಲಿದ್ದರೂ, 100ರಲ್ಲಿದ್ದರೂ ಅದು ಅಲ್ಲೇ ನಿಂತಿರುತ್ತದೆ.

ಒಂದೇ ಮೋಟಾರಿನಿಂದ ಎರಡು ವೇಗ ತೆಗೆಯಲು ಹಳೆಯ ಕಾರುಗಳಲ್ಲಿ ಮಾಡುವ ಉಪಾಯ ಸರಳ. ನಿಧಾನದ ದಾರಿಯಲ್ಲಿ ಒಂದು ರೆಸಿಸ್ಟರ್ ಹಾಕಿರುತ್ತಾರೆ. ಕರೆಂಟು ಅದರ ಮೂಲಕ ಹೋದರೆ ಮೋಟಾರಿಗೆ ವೋಲ್ಟೇಜ್ ಕಡಿಮೆ ಸಿಕ್ಕಿ ಮೆಲ್ಲಗೆ ತಿರುಗುತ್ತದೆ. ಜೋರಿನ ರಿಲೇ ರೆಸಿಸ್ಟರನ್ನು ಬಿಟ್ಟು ನೇರ 12 ವೋಲ್ಟ್ ಕೊಡುತ್ತದೆ. ಎರಡು ಫ್ಯಾನ್ ಇರುವ ಕೆಲವು ಕಾರುಗಳಲ್ಲಿ ರೆಸಿಸ್ಟರೇ ಇರುವುದಿಲ್ಲ. ಮೂರು ರಿಲೇ ಇಟ್ಟು, ನಿಧಾನಕ್ಕೆ ಎರಡು ಮೋಟಾರನ್ನೂ ಸೀರೀಸಿನಲ್ಲಿ ಜೋಡಿಸುತ್ತಾರೆ, ಒಂದೊಂದಕ್ಕೆ 6 ವೋಲ್ಟ್. ಜೋರಿಗೆ ಪ್ಯಾರಲಲ್, ಎರಡಕ್ಕೂ 12. ನನಗೆ ಇದು ತುಂಬಾ ಇಷ್ಟವಾದ ವೈರಿಂಗ್. ಆದರೆ ಅಲ್ಲಿ ಒಂದು ಮೋಟಾರಿನ ಬ್ರಷ್ ಸವೆದು ಹೋದರೆ ನಿಧಾನದಲ್ಲಿ ಎರಡೂ ನಿಲ್ಲುತ್ತವೆ, ಹಳೇ ಕಾಲದ ಸೀರಿಯಲ್ ಸೆಟ್ ಬಲ್ಬಿನ ಹಾಗೆ. ಈಗಿನ ಹೊಸ ಕಾರುಗಳಲ್ಲಿ ಕಂಟ್ರೋಲ್ ಮಾಡ್ಯೂಲ್ ಇರುತ್ತದೆ, ವೇಗವನ್ನು ಬೇಕಾದಷ್ಟಕ್ಕೆ ಏರಿಸುತ್ತದೆ, ಇಳಿಸುತ್ತದೆ.

ನಮ್ಮ ದೊಡ್ಡಪ್ಪನ ಅಂಬಾಸಡರಿನಲ್ಲಿ ಇದ್ಯಾವುದೂ ಇರಲಿಲ್ಲ. ವಾಟರ್ ಪಂಪಿನ ಪುಲ್ಲಿಗೇ ಫ್ಯಾನ್ ಬೋಲ್ಟ್ ಮಾಡಿದ್ದರು. ಬೆಲ್ಟ್ ತಿರುಗಿದರೆ ಅದೂ ತಿರುಗಬೇಕು. ಬೆಳಗಿನ ಚಳಿಯಲ್ಲಿ ಬೇಡವಾದಾಗಲೂ ತಿರುಗುತ್ತಿತ್ತು, ಜಾತ್ರೆ ಗದ್ದಲದಲ್ಲಿ ನಿಂತಾಗ, ಬೇಕೇ ಬೇಕು ಅನ್ನುವಾಗ, ಎಂಜಿನ್ ನಿಧಾನ ಅಂತ ಅದೂ ನಿಧಾನ. ಡಿಕ್ಕಿಯಲ್ಲಿ ಒಂದು ಕ್ಯಾನ್ ನೀರು ಇಲ್ಲದೆ ದೊಡ್ಡಪ್ಪ ಘಾಟಿ ಕಡೆ ಹೊರಟಿದ್ದೇ ಇಲ್ಲ.

ಮತ್ತೆ ನನ್ನ ಕಾರಿಗೆ ಬರೋಣ. ಎಸಿ ಹಾಕಿಟ್ಟು, ನಿಧಾನದ ರಿಲೇ ಕಿತ್ತು ಹಾರ್ನಿನ ರಿಲೇ ಚುಚ್ಚಿದೆ. ಎರಡೂ ಒಂದೇ ನಮೂನೆಯವು. ಫ್ಯಾನ್ ತಿರುಗಲಿಲ್ಲ. ರಿಲೇ ಮಾತ್ರ "ಕ್ಲಿಕ್" ಅನ್ನುತ್ತಿತ್ತು. ಅಂದರೆ ಎಸಿ ಕಡೆಯಿಂದ ಆಜ್ಞೆ ಬರುತ್ತಿದೆ. ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬ್ಯಾಟರಿಯ ನೆಗೆಟಿವ್‌ಗೆ ಹಾಕಿ ಮೊನೆಯನ್ನು ದಾರಿಯುದ್ದಕ್ಕೂ ಮುಟ್ಟಿಸುತ್ತಾ ಹೋದೆ. ರಿಲೇ ದಾಟಿದ ಮೇಲೆ ಬಲ್ಬ್ ಉರಿಯಿತು. ರೆಸಿಸ್ಟರಿಗೆ ಒಳಗೆ ಹೋಗುವ ವೈರಿನಲ್ಲೂ ಉರಿಯಿತು. ಹೊರಗೆ ಬರುವ ವೈರಿನಲ್ಲಿ ಉರಿಯಲಿಲ್ಲ. ಸಿಕ್ಕಿಬಿದ್ದ ಕಳ್ಳ.

ರೆಸಿಸ್ಟರ್ ಕೂತಿರುವುದು ಫ್ಯಾನಿನ ಪ್ಲಾಸ್ಟಿಕ್ ಕವರಿನ ಮೇಲೆ, ಗಾಳಿ ಬಡಿಯುವ ಜಾಗದಲ್ಲಿ. ಕೆಲಸ ಮಾಡುವಾಗ ಅದೂ ಕಾಯುತ್ತದಲ್ಲ, ಅದಕ್ಕೂ ಗಾಳಿ ಬೇಕು. ಅದನ್ನು ನೋಡಲು ಬಗ್ಗಿದಾಗ ಒಂದು ತಪ್ಪು ಮಾಡಿದೆ. ಎಸಿ ಆಫ್ ಮಾಡಿದ್ದೆ, ಆದರೆ ಎಂಜಿನ್ ಓಡುತ್ತಲೇ ಇತ್ತು, ಕೆಲಸದ ಗುಂಗಿನಲ್ಲಿ 98 ದಾಟಿದ್ದು ಗೊತ್ತಾಗಲಿಲ್ಲ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಫ್ಯಾನ್ ಸರಕ್ಕನೆ ಎಳೆದುಕೊಂಡಿತು. ಬೆರಳು ಆಗಿದ್ದರೆ? ಅಲ್ಲಿಗೆ ಎಂಜಿನ್ ಆಫ್ ಮಾಡಿ ಬ್ಯಾಟರಿಯ ನೆಗೆಟಿವ್ ಕಳಚಿಟ್ಟೆ. ಕೆಲವು ಕಾರುಗಳಲ್ಲಿ ಕೀ ತೆಗೆದ ಮೇಲೂ ಒಂದೆರಡು ನಿಮಿಷ ಫ್ಯಾನ್ ಓಡುತ್ತದೆ, ಅದು ಕೆಟ್ಟಿದ್ದಲ್ಲ. ಹಾಗಾಗಿ ಕೀ ತೆಗೆದಿದ್ದೇನೆ ಅನ್ನುವ ಧೈರ್ಯದಲ್ಲಿ ಕೈ ಹಾಕಬೇಡಿ. ಹಾಗೇ ಬಿಸಿಯಿದ್ದಾಗ ರೇಡಿಯೇಟರ್ ಕ್ಯಾಪ್ ಮುಟ್ಟಲೇಬೇಡಿ. ಒಳಗಿನ ಕೂಲೆಂಟ್ ಒತ್ತಡದಲ್ಲಿ ಇರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತೆಗೆದ ಕೂಡಲೇ ಕುದಿದು ಮುಖಕ್ಕೆ ಎರಚುತ್ತದೆ.

ಮೀಟರನ್ನು ಬೀಪ್‌ಗೆ ಇಟ್ಟು ರೆಸಿಸ್ಟರಿನ ಎರಡು ತುದಿ ಮುಟ್ಟಿಸಿದೆ. ಸದ್ದೇ ಇಲ್ಲ. ಒಳಗೆ ಕಡಿದುಹೋಗಿತ್ತು.

ಬಿಡಿಭಾಗ ವಿಚಾರಿಸಲು ಹೋದಾಗ ಒಂದು ಕಡೆ, "ಅದೊಂದೇ ಬರಲ್ಲ ಸಾರ್, ಫ್ಯಾನ್ ಸಮೇತ ತಗೋಬೇಕು" ಅಂದರು. ದಾರಿಯಲ್ಲಿ ಸಿಕ್ಕ ಪರಿಚಯದ ಎಲೆಕ್ಟ್ರಿಷಿಯನ್, "ಅದನ್ನೆಲ್ಲ ಯಾಕೆ ಹುಡುಕ್ತೀಯಣ್ಣ, ಡೈರೆಕ್ಟ್ ಕೊಟ್ಟು ಡ್ಯಾಶ್‌ಬೋರ್ಡಿಗೆ ಒಂದು ಸ್ವಿಚ್ ಹಾಕಿಬಿಡ್ತೀನಿ" ಅಂದ. ಈ ಡೈರೆಕ್ಟ್ ಸ್ವಿಚ್ ನಮ್ಮ ಕಡೆ ಎಷ್ಟು ಕಾರಿನಲ್ಲಿದೆಯೋ! ದಾರಿಯಲ್ಲಿ ಕೆಟ್ಟು ನಿಂತಾಗ ಮನೆ ಮುಟ್ಟಲು ಪರವಾಗಿಲ್ಲ. ಕಾಯಂ ಇಟ್ಟುಕೊಳ್ಳುವುದು ನನಗೆ ಸೇರದು. ಫ್ಯಾನ್ ಎಳೆಯುವುದು 10ರಿಂದ 20 ಆಂಪಿಯರ್. ಹಾರ್ನಿಗೆ ಹಾಕುವಂಥ ಸಣ್ಣ ವೈರು, ಫ್ಯೂಸಿಲ್ಲದ ಸ್ವಿಚ್ಚು ಅದನ್ನು ಎಷ್ಟು ದಿನ ತಡೆದಾವು? ಮೇಲಾಗಿ ಒಂದು ದಿನ ಸ್ವಿಚ್ ಹಾಕುವುದು ಮರೆತರೆ ಎಂಜಿನ್ ಕಾದು ಅದರೊಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಬಹುದು.

ಕೊನೆಗೆ ಒಂದು ಹಳೇ ಸ್ಪೇರ್ ಪಾರ್ಟ್ಸ್ ಅಂಗಡಿಯ ಅಜ್ಜ ಡಬ್ಬಿ ಕೆದಕಿ ರೆಸಿಸ್ಟರ್ ಹುಡುಕಿ ಕೊಟ್ಟರು. 450 ರೂಪಾಯಿ. ಹಾಕುವುದು ಎರಡು ಸ್ಕ್ರೂ, ಒಂದು ಪ್ಲಗ್. ಪ್ಲಗ್ ಮಾತ್ರ ಸುಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ವೈರು ಹೊಸೆದು ಟೇಪ್ ಸುತ್ತುವ ಬದಲು ಹೊಸ ಕನೆಕ್ಟರ್ ತಂದು ಕ್ರಿಂಪ್ ಮಾಡಿದೆ.

ರೆಸಿಸ್ಟರ್ ಸುಮ್ನೆ ಯಾಕೆ ಸುಡುತ್ತದೆ ಅನ್ನುವ ಪ್ರಶ್ನೆ ಉಳಿದಿತ್ತು. ಮೋಟಾರ್ ಬಿಗಿಯಾಗಿ ಜಾಸ್ತಿ ಕರೆಂಟು ಎಳೆದರೆ ಸುಡುತ್ತದೆ. ಕ್ಲ್ಯಾಂಪ್ ಮೀಟರಿನಲ್ಲಿ ನೋಡಿದೆ, ಪೂರ್ತಿ ಜೋರಿನಲ್ಲಿ 11 ಆಂಪಿಯರ್. ಕೈಯಲ್ಲಿ ತಿರುಗಿಸಿದರೆ ರೆಕ್ಕೆ ಹಗುರ. ಮೋಟಾರ್ ನಿರಪರಾಧಿ. ಆಮೇಲೆ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಟ್ಟೆ. ಅಲ್ಲಿ ಭತ್ತ ಒಕ್ಕುವ ಒಂದು ಸಣ್ಣ ಕಣವೇ ಇತ್ತು! ಭತ್ತದ ಹೊಟ್ಟು, ಹುಳ, ಧೂಳು ಸೇರಿ ಕಂಬಳಿಯ ಹಾಗೆ ಕೂತಿದ್ದವು. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ರಸ್ತೆಯೇ ಕಣ, ಬಿಡಿ. ಇಷ್ಟು ಅಡ್ಡ ಇದ್ದರೆ ರೆಸಿಸ್ಟರಿಗೂ ಗಾಳಿ ಇಲ್ಲ. ಎಂಜಿನ್ ಪೂರ್ತಿ ಆರಿದ ಮೇಲೆ, ಹಿಂದಿನಿಂದ ಮುಂದಕ್ಕೆ, ತೋಟಕ್ಕೆ ಬಿಡುವ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟೆ. ಅರ್ಧ ಗಂಟೆ ಕೆಂಪು ನೀರು ಹರಿಯಿತು. ಪ್ರೆಷರ್ ವಾಷರ್ ಹಿಡಿಯಲಿಲ್ಲ, ತಗಡಿನಂಥ ಫಿನ್ ಮಡಚಿದರೆ ಇರುವ ದಾರಿಯೂ ಮುಚ್ಚುತ್ತದೆ.

ಎಲ್ಲ ಸೇರಿಸಿ ಎಸಿ ಹಾಕಿದೆ. ಕ್ಲಚ್ಚಿನ "ಟಕ್" ಹಿಂದೆಯೇ ಫ್ಯಾನ್ ಮೆಲ್ಲಗೆ ಎದ್ದಿತು. ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು ಗ್ರಿಲ್ ಮುಂದೆ ಹಿಡಿದೆ. ಅಂಟಿಕೊಂಡು ನಿಂತಿತು. ಮೋಟಾರಿನ ಪ್ಲಸ್ ಮೈನಸ್ ಅದಲುಬದಲಾದರೆ ಈ ಹಾಳೆ ಹಾರಿ ಹೋಗುತ್ತದೆ. ನನ್ನ ಸ್ನೇಹಿತನ ವ್ಯಾನಿನಲ್ಲಿ ಮೋಟಾರ್ ಬದಲಿಸಿದವರು ಹಾಗೇ ಉಲ್ಟಾ ಜೋಡಿಸಿದ್ದರು. ಫ್ಯಾನ್ ಮುಂದಕ್ಕೆ ಬೀಸುವುದು, ಓಡುವಾಗ ಬರುವ ಗಾಳಿ ಹಿಂದಕ್ಕೆ ತಳ್ಳುವುದು, ಎರಡರ ಜಗಳದಲ್ಲಿ ಎಂಜಿನ್ ಕಾಯುತ್ತಿತ್ತು. ಫ್ಯಾನ್ ತಿರುಗುತ್ತಿದೆಯಲ್ಲ ಅಂತ ಆರು ತಿಂಗಳು ಯಾರೂ ಆ ಕಡೆ ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ಬೇಕಂತಲೇ ಗೇಟಿಗೆ ಹೋದೆ. ಎಸಿ ಗಾಳಿ ಬರುವ ಜಾಗಕ್ಕೆ ಒಂದು ಥರ್ಮಾಮೀಟರ್ ಸಿಗಿಸಿದ್ದೆ. ಮೊದಲು ಅಲ್ಲಿ ನಿಂತಾಗ 25 ತೋರಿಸುತ್ತಿದ್ದದ್ದು ಈಗ 15ಕ್ಕೆ ಬಂತು. ನಾನು ಇನ್ನೂ ಕಡಿಮೆ ಆಗುತ್ತದೆ ಅಂದುಕೊಂಡಿದ್ದೆ. ಬೇರೊಬ್ಬ ಎಸಿ ಕೆಲಸದವನ ಹತ್ತಿರ ಹೋಗಿ ಮಷಿನ್ ಹಾಕಿಸಿದೆ. ಒಳಗಿದ್ದ ಗ್ಯಾಸ್ ಪೂರ್ತಿ ತೆಗೆದು ತೂಕ ಮಾಡಿದ. ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲಿ 380 ಗ್ರಾಂ ಅಂತ ಇದೆ. ಹೊರಗೆ ಬಂದದ್ದು 520. ಗ್ಯಾಸ್ ಜಾಸ್ತಿಯಾದರೂ ಒತ್ತಡ ಏರಿ ತಂಪು ಕಡಿಮೆಯಾಗುತ್ತದೆ. ಸರಿಯಾಗಿ 380 ತೂಗಿ ವಾಪಸ್ ಹಾಕಿದ ಮೇಲೆ ಗೇಟಿನಲ್ಲಿ 12ಕ್ಕೆ ನಿಂತಿತು. ಹಾಕಿದ್ದಕ್ಕೆ ಎರಡು ಸಲ ದುಡ್ಡು ಕೊಟ್ಟಿದ್ದೆ, ತೆಗೆದಿದ್ದಕ್ಕೂ ಒಂದು ಸಲ ಕೊಟ್ಟೆ.