182 ಬಂದ ಡಿಡಿ ಕೇಸು ನಡೆಸಿದ್ದು ಹೀಗೆ

ಡಿಡಿ, ಅಂದರೆ ಕುಡಿದು ವಾಹನ ಓಡಿಸಿದ ಕೇಸು ತರುವವರು ಮೊದಲು ಕೇಳುವುದು ಇದನ್ನೇ: "ಸಾರ್, ದಂಡ ಕಟ್ಟಿದ್ರೆ ಮುಗೀತಲ್ವಾ?" ಪೊಲೀಸರು ಊದಿಸುವ ಆಲ್ಕೋಮೀಟರ್‌ನಲ್ಲಿ 45, 50 ಬಂದಿದ್ದರೆ, ಕಾಗದಪತ್ರ ಸರಿಯಿದ್ದರೆ, ಸುಮ್ನೆ ತಪ್ಪೊಪ್ಪಿಕೊಳ್ಳಿ ಅಂತ ನಾನೂ ಹೇಳುತ್ತೇನೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮೋಟಾರು ವಾಹನ ಕಾಯ್ದೆಯ ಕಲಂ 185 ಬೀಳುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಪುಸ್ತಕದಲ್ಲಿ 31ಕ್ಕೂ 182ಕ್ಕೂ ಒಂದೇ ಶಿಕ್ಷೆ. ಆದರೆ 182 ಕಂಡ ಮ್ಯಾಜಿಸ್ಟ್ರೇಟರಿಗೆ ಜೈಲು ನೆನಪಾಗುತ್ತದೆ.

ನನ್ನ ಕಕ್ಷಿದಾರನ ಕಾರು ನಿಂತಿದ್ದ ಆಟೋಗೆ ಗುದ್ದಿತ್ತು. ಆಟೋದಲ್ಲಿ ಯಾರೂ ಮಲಗಿರಲಿಲ್ಲ, ಅವನ ಪುಣ್ಯ. ಪೊಲೀಸರು ಊದಿಸದೆ ನೇರ ಆಸ್ಪತ್ರೆಗೆ ಕರೆದೊಯ್ದು ರಕ್ತ ತೆಗೆಸಿದ್ದರು. ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ 182.

"ಕೆಮ್ಮಿನ ಸಿರಪ್ ಕುಡಿದಿದ್ದೆ ಅನ್ನೋಣ್ವಾ?" ಅಂದ. ಬೇಡ ಅಂದೆ. ಕೋರ್ಟಿನಲ್ಲಿ ನಗು ಬರುತ್ತದೆ, ನಂಬಿಕೆ ಹೋಗುತ್ತದೆ.

ಬದಲಿಗೆ ಆ ರಕ್ತದ ಬಾಟಲಿ ಎಲ್ಲೆಲ್ಲಿ ಓಡಾಡಿತು ಅಂತ ಕೂತು ಬರೆದುಕೊಂಡೆ. ಬಂಧಿಸಿದ ಹೊತ್ತು, ರಕ್ತ ತೆಗೆದ ಹೊತ್ತು ಸರಿಯಿತ್ತು. ಬಂಧನವಾದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು ಅನ್ನುತ್ತದೆ ಕಲಂ 202. ಅಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಆಸ್ಪತ್ರೆಯ ಫಾರ್ಮಿನಲ್ಲಿ. ಬಾಟಲಿಗೆ ಯಾವ ಸಂರಕ್ಷಕ ಹಾಕಿದೆ ಅನ್ನುವ ಕಡೆ ಖಾಲಿ ಬಿಟ್ಟಿದ್ದರು. ಸೋಡಿಯಂ ಫ್ಲೋರೈಡ್ ಹಾಕದೆ ರಕ್ತವನ್ನು ಬೆಚ್ಚಗೆ ಇಟ್ಟರೆ ಸೂಕ್ಷ್ಮಜೀವಿಗಳು ಅದರಲ್ಲಿರುವ ಸಕ್ಕರೆಯಿಂದ ಆಲ್ಕೋಹಾಲ್ ಮಾಡಬಲ್ಲವು, ದೋಸೆ ಹಿಟ್ಟು ಹುಳಿ ಬಂದ ಹಾಗೆ. ಸ್ಯಾಂಪಲ್ ಠಾಣೆಯಲ್ಲಿ ದಿನಗಟ್ಟಲೆ ಇತ್ತು. ಫ್ರಿಜ್ಜಿನಲ್ಲಿಟ್ಟ ದಾಖಲೆ ಇರಲಿಲ್ಲ.

ಪಾಟೀ ಸವಾಲಿನಲ್ಲಿ ಡಾಕ್ಟರನ್ನು ಕೇಳಿದೆ:

"ಚುಚ್ಚುವ ಮೊದಲು ಚರ್ಮ ಯಾವುದರಿಂದ ಒರೆಸಿದ್ರಿ?"

"ಸ್ಪಿರಿಟ್."

"ಬಾಟಲಿಗೆ ಏನು ಹಾಕಿದ್ರಿ?"

"ನೆನಪಿಲ್ಲ."

ಸ್ಪಿರಿಟ್ ಹತ್ತಿಯಿಂದ 182 ಆಗಲ್ಲ, ಅದು ನನಗೂ ಗೊತ್ತು. ಆದರೆ ಆಲ್ಕೋಹಾಲ್ ಪರೀಕ್ಷೆಗೆ ರಕ್ತ ತೆಗೆಯುವಾಗ ಸ್ಪಿರಿಟ್ ಬಳಸಲೇಬಾರದು. ಎರಡು ಉತ್ತರ ಸೇರಿಸಿ ನೋಡಿದ ಕೋರ್ಟು ಅನುಮಾನದ ಲಾಭ ಕೊಟ್ಟಿತು. 185ರಲ್ಲಿ ಖುಲಾಸೆ, ಅಜಾಗರೂಕ ಚಾಲನೆಗೆ ದಂಡ.

ಪೊಲೀಸರು ಊದಿಸಿದ್ದರೆ ನಾನು ಕೇಳುವುದು ಬೇರೆ: ಪ್ರಿಂಟ್ ಚೀಟಿ, ಯಂತ್ರದ ಕ್ಯಾಲಿಬ್ರೇಷನ್ ಸರ್ಟಿಫಿಕೇಟು. ಕೊನೆಯ ಗುಟುಕಿಗೂ ಊದಿದ್ದಕ್ಕೂ ನಡುವೆ ಕಾಲು ಗಂಟೆಯಾದರೂ ಇತ್ತಾ? ಇಲ್ಲದಿದ್ದರೆ ಬಾಯಲ್ಲೇ ಉಳಿದ ಮದ್ಯ ಅಂಕಿ ಏರಿಸುತ್ತದೆ.

ಯಾರಾದರೂ ಸತ್ತಿದ್ದರೆ ವಿಷಯವೇ ಬೇರೆ. 2006ರಲ್ಲಿ ಮುಂಬೈನ ಕಾರ್ಟರ್ ರೋಡಿನಲ್ಲಿ ಮಲಗಿದ್ದ ಏಳು ಜನರ ಜೀವ ತೆಗೆದ ಅಲಿಸ್ಟರ್ ಪೆರೇರಾನ ರಕ್ತದಲ್ಲಿ ಇದ್ದದ್ದು 112 ಮಿಲಿಗ್ರಾಂ, ನನ್ನ ಕಕ್ಷಿದಾರನಿಗಿಂತ ಕಮ್ಮಿ. ಕೊಲೆಯಲ್ಲದ ಮಾನವ ಹತ್ಯೆ ಅಂತ ಮೂರು ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟು 2012ರಲ್ಲಿ ಎತ್ತಿಹಿಡಿಯಿತು.

ನನ್ನ ಕಕ್ಷಿದಾರ ಖುಲಾಸೆಯಾದ ಮೇಲೂ, ಕುಡಿದಿದ್ದ ಅಂತ ವಿಮಾ ಕಂಪನಿ ಕಾರಿನ ರಿಪೇರಿ ಹಣ ಕೊಡಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗ್ತೀನಿ ಅಂದ. ರಕ್ತ ಪರೀಕ್ಷೆ ಇಲ್ಲದಿದ್ದರೂ ಬೇರೆ ಸಾಕ್ಷ್ಯದಿಂದ ಕುಡಿದಿದ್ದನ್ನು ತೋರಿಸಬಹುದು ಅಂತ ಪರ್ಲ್ ಬೆವರೇಜಸ್ ಅನ್ನುವ ಕಂಪನಿಯ ವಿಮಾ ಕೇಸಿನಲ್ಲಿ ಸುಪ್ರೀಂ ಕೋರ್ಟಿನ 2021ರ ತೀರ್ಪಿದೆ. ಅದನ್ನು ತೋರಿಸಿದೆ. ಸ್ವಂತ ದುಡ್ಡಲ್ಲೇ ಬಂಪರ್ ಹಾಕಿಸಿಕೊಂಡ.